ಮೊಣಕೈ ಗುರುತು

ಎದ್ದ ಕೂಡಲೇ, ಮುಖಕ್ಕೆ ನೀರು ಕೂಡ ಹಾಕಿಕೊಳ್ಳದೆ, ಅವನು ಫೋನು ತೆಗೆದು ನೋಡಿದ. ಇದು ಈಚೆಗೆ ಅಂಟಿಕೊಂಡ ಚಾಳಿ. ಹೆಂಡತಿ ಅದಕ್ಕೆ ‘ಜ್ವರ ನೋಡಿಕೊಳ್ಳೋದು’ ಎಂದು ಹೆಸರಿಟ್ಟಿದ್ದಳು. ಹರಾಜಿನ ಸೈಟಿನಲ್ಲಿ ಅವನವು ಹದಿನಾಲ್ಕು ಸಾಮಾನುಗಳಿದ್ದವು. ಎಲ್ಲವೂ ಮುಚ್ಚಿಹೋದ ಅವನ ಫೋಟೋ ಸ್ಟುಡಿಯೋದವು, ಎಲ್ಲವೂ ಎರಡು ಮೂರು ಸಲ ಹರಾಜಿಗೆ ಹೋಗಿ ಯಾರಿಗೂ ಬೇಡವಾಗಿ ವಾಪಸು ಬಂದವು: ಕಾಲು ಅಲ್ಲಾಡುವ ತಿರುಗುಸ್ಟೂಲು, ಬೆಳ್ಳಿಬಣ್ಣದ ಛತ್ರಿಗಳು, ಸರೋವರವನ್ನೂ ಕಲ್ಲಿನ ಮೆಟ್ಟಿಲನ್ನೂ ಬರೆದ ಪರದೆ, ಎಷ್ಟೋ ಮದುಮಕ್ಕಳು ಕೈಯೂರಿ ನಿಂತಿದ್ದ ಪ್ಲಾಸ್ಟರಿನ ಕಂಬ. ಈ ವಾರದ ಸರದಿ ಇವತ್ತು ಸಂಜೆ ನಾಲ್ಕಕ್ಕೆ ಮುಗಿಯುವುದಿತ್ತು. ಹದಿಮೂರರ ಮುಂದೆ ಎಂದಿನ ಹಾಗೆ ಸೊನ್ನೆ. ನೆಗೆಟಿವ್ ತಿದ್ದುವ ಟಚಿಂಗ್ ಮೇಜಿನ ಮುಂದೆ ಮಾತ್ರ ಬಿಡ್ ಹಾಕಿದವರ ಎರಡು ಹೆಸರು. ಒಂದು ‘ಹಳೇಗೂಡು’, ಕಾಫಿ ಅಂಗಡಿಗಳಿಗೆ ಹಳೆಯ ವಸ್ತು ತಂದು ಅಲಂಕಾರ ಮಾಡುವವನಂತೆ. ಇನ್ನೊಂದು ನಿನ್ನೆಯಷ್ಟೇ ಸೈಟಿಗೆ ಸೇರಿದ ಹೆಸರು: ‘ಫೋರ್ ಎಚ್’. ಅದು ಪೆನ್ಸಿಲಿನ ಹೆಸರು. ಆ ಗಟ್ಟಿ ಪೆನ್ಸಿಲನ್ನು ಸೂಜಿಯ ಮೊನೆಯಷ್ಟು ಚೂಪು ಮಾಡಿ ಕೆಲಸ ಮಾಡುವವರು ಅವನ ಬದುಕಿನಲ್ಲಿ ಒಬ್ಬರೇ ಇದ್ದರು. ನಿನ್ನೆ ಅದನ್ನು ನೋಡಿದವನು ನೋಡಿಲ್ಲ ಎಂದುಕೊಂಡು ಮಲಗಿದ್ದ. ಈಗ ಅದೇ ಹೆಸರಿನಿಂದ ಒಂದು ಪ್ರಶ್ನೆ ಬಂದು ಕೂತಿತ್ತು, ಸೈಟಿಗೆ ಬಂದವರೆಲ್ಲ ಓದುವ ಜಾಗದಲ್ಲಿ: ‘ಬಲಗಡೆ ಅಂಚಿನ ಮೊಣಕೈ ಗುರುತು ಫೋಟೋದಲ್ಲಿ ಕಾಣಿಸುತ್ತಿಲ್ಲ. ಇದು ಅದೇ ಮೇಜೇ?’

ಬೆರಳು ತಪ್ಪಿತು ಎಂದು ಅವನು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಾರಾಟವಾಗದ ಸಾಮಾನುಗಳ ಪಟ್ಟಿಯ ತಲೆಯ ಮೇಲೆ ‘ಎಲ್ಲವನ್ನೂ ಆರಿಸು’ ಎಂಬ ಒಂದು ಚೌಕವಿದೆ. ಅದನ್ನು ಒತ್ತಿ ‘ಮತ್ತೆ ಹರಾಜಿಗಿಡು’ ಎಂದರೆ ಹದಿನಾಲ್ಕೂ ಒಟ್ಟಿಗೆ ಎದ್ದು ಹೊರಡುತ್ತವೆ. ಮೇಜನ್ನು ಆ ಗುಂಪಿನಿಂದ ಬಿಡಿಸಬೇಕಿತ್ತು, ಮರೆತೆ. ಇಷ್ಟು ಹೇಳಿದರೆ ಯಾರಾದರೂ ನಂಬುತ್ತಾರೆ, ಅಕ್ಕನೂ ನಂಬಬಹುದು. ಹೋದ ತಿಂಗಳು ಮನೆಗೆ ಬಂದಿದ್ದ ಅಕ್ಕ, ಗೋಡೆಗೆ ಮುಖ ಮಾಡಿ ನಿಂತಿದ್ದ ಮೇಜನ್ನು ನೋಡಿ, ಇದನ್ನ ಯಾರೂ ತಗೊಳ್ಳಲಿಲ್ಲವಾ, ನನ್ನ ರೂಮಿನ ಕಿಟಕಿ ಹತ್ತಿರ ಜಾಗ ಇದೆ ಎಂದಿದ್ದಳು. ತಗೊಂಡು ಹೋಗು, ನಿನ್ನದೇ ಅಲ್ಲವಾ ಎಂದು ಅವನೂ ಧಾರಾಳವಾಗಿ ಅಂದಿದ್ದ. ಆಗ ಅವನಿಗೆ ತನ್ನ ಮೇಲೆಯೇ ಪ್ರೀತಿ ಉಕ್ಕಿತ್ತು. ಆದರೆ ಆ ಚೌಕವನ್ನು ಒತ್ತುವ ಮೊದಲು ಅವನು ಒಂದಿಡೀ ಮಧ್ಯಾಹ್ನ ಕೂತು ಒಂದೊಂದು ಸಾಮಾನಿನ ವಿವರವನ್ನೂ ತಿದ್ದಿದ್ದನಲ್ಲ, ಅದಕ್ಕೇನು ಹೇಳುವುದು? ಮಾರಾಟವಾಗದಿದ್ದರೆ ತಲೆಬರಹ ಬದಲಿಸಿ, ಫೋಟೋ ಬದಲಿಸಿ, ವಸ್ತುವಿನ ಕಥೆ ಹೇಳಿ ಎಂದು ಸೈಟಿನವರು ಬುದ್ಧಿ ಹೇಳಿದ್ದರು. ಅವನು ಕಂಬಕ್ಕೆ ಒಂದು ಕಥೆ ಬರೆದ, ಪರದೆಗೆ ಒಂದು, ಛತ್ರಿಗಳಿಗೆ ಒಂದು. ಬರೆಯುತ್ತ ಕೈ ಹದಕ್ಕೆ ಬಂದಿತ್ತು. ಒಂಬತ್ತನೆಯದಾಗಿ ಮೇಜು ಬಂದಾಗ ದಾಟಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ‘ಹಳೆಯ ಮೇಜು, ಗಾಜು ಸಹಿತ’ ಎಂಬುದನ್ನು ಅಳಿಸಿ, ‘ಪ್ರಶಸ್ತಿ ಪಡೆದ ಛಾಯಾಚಿತ್ರಕಾರರು ಮೂವತ್ತು ವರ್ಷ ಕೂತು ತಮ್ಮ ಕೈಯಾರೆ ಮುಖಗಳನ್ನು ತಿದ್ದಿದ ಮೇಜು’ ಎಂದು ಬರೆದ. ಓದಿ ನೋಡಿದ. ಚೆನ್ನಾಗಿತ್ತು. ಆಮೇಲೆ ಫೋಟೋದಲ್ಲಿ ಬಲಗಡೆ ಅಂಚಿನಲ್ಲಿ ಪಾಲಿಶು ಸವೆದು ಬೆಳ್ಳಗಾಗಿ ತಗ್ಗಾಗಿದ್ದ ಗುರುತು ಕಣ್ಣಿಗೆ ಹೊಡೆಯಿತು. ಫೋನಿನ ಮೇಲೆ ಒಂದು ಸಲ ಬೆರಳಾಡಿಸಿದ, ಗುರುತು ಹೋಯಿತು. ಅಕ್ಕ ಅಷ್ಟು ಜಾಗ ತುಂಬಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು.

ಟಚಿಂಗ್ ಎಂದರೇನು ಎಂದು ಈಗ ಯಾರಿಗೆ ಗೊತ್ತು? ಇಳಿಜಾರಾದ ಹಲಗೆ, ನಡುವೆ ಮಂಜುಗಾಜಿನ ಕಿಂಡಿ, ಕೆಳಗೆ ಕಿಟಕಿಯ ಬೆಳಕನ್ನು ಗಾಜಿಗೆ ಹಾಯಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು, ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಸುಕ್ಕು ಇವನ್ನೆಲ್ಲ ಚುಕ್ಕೆ ಚುಕ್ಕೆಯಾಗಿ ಪೆನ್ಸಿಲಿನಿಂದ ತುಂಬಬೇಕು. ಒಂದು ಚುಕ್ಕೆ ಜಾಸ್ತಿಯಾದರೆ ಮುಖ ಹಿಟ್ಟು ಮೆತ್ತಿದಂತೆ ಆಗುತ್ತದೆ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಪರದೆಯಾಚೆ, ಅಕ್ಕ ಅದನ್ನು ಮಾಡುತ್ತಿದ್ದಳು. ಗಿರಾಕಿಗಳು ಬರುತ್ತಿದ್ದದ್ದು ಅದಕ್ಕಾಗಿಯೇ ಎಂದು ಅವನಿಗೂ ಗೊತ್ತಿತ್ತು. ನಿಮ್ಮ ಕೈಯಲ್ಲಿ ಏನೋ ಇದೆ ಸಾರ್ ಎಂದಾಗ ಅವನು ತನ್ನ ಕೈ ನೋಡಿಕೊಂಡು ನಗುತ್ತಿದ್ದ. ಒಂದು ದಿನ ಒಬ್ಬ ಹೆಂಗಸು ಮಗಳ ಫೋಟೋ ಹಿಡಿದುಕೊಂಡು ಬಂದು ಕೌಂಟರಿನ ಮೇಲೆ ಕುಕ್ಕಿದ್ದಳು. ಹುಡುಗಿಯ ತುಟಿಯ ಮೇಲಿದ್ದ ಮಚ್ಚೆಯನ್ನು ತೆಗೆಯಿರಿ ಎಂದು ಹೇಳಿದ್ದರೂ ತೆಗೆದಿರಲಿಲ್ಲ. ಅಕ್ಕನೇ ಬೇಕೆಂದು ಬಿಟ್ಟದ್ದು, ಅದು ಹೋದರೆ ಆ ಹುಡುಗಿ ಯಾರೋ ಬೇರೆಯವಳಾಗುತ್ತಾಳೆ ಎಂದು ಬೆಳಿಗ್ಗೆಯೇ ಅವನಿಗೆ ಹೇಳಿದ್ದಳು, ಅವನೂ ಹೂಂ ಎಂದಿದ್ದ. ಹೆಂಗಸಿನ ಎದುರು ಅವನು, ನನ್ನಿಂದಲ್ಲಮ್ಮ, ಒಳಗೆ ಒಬ್ಬ ಹೆಲ್ಪರ್ ಇದ್ದಾರೆ, ಅವರ ತಪ್ಪು ಎಂದುಬಿಟ್ಟ. ಪರದೆ ತೆಳ್ಳಗಿತ್ತು. ಸ್ವಲ್ಪ ಹೊತ್ತಿಗೆ ಅಕ್ಕ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದು, ತಪ್ಪಾಯಿತು ಅಮ್ಮ, ಸರಿ ಮಾಡಿಕೊಡ್ತೀನಿ ಎಂದು ಫೋಟೋ ತೆಗೆದುಕೊಂಡು ಒಳಗೆ ಹೋದಳು. ಅವತ್ತು ಊಟಕ್ಕೆ ಇಬ್ಬರೂ ಒಟ್ಟಿಗೇ ಕೂತಿದ್ದರು, ಅವಳು ಅವನಿಗೆ ಮೊಸರು ಬಡಿಸಿದ್ದಳು, ಆ ಮಾತನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಎತ್ತಿ ಜಗಳ ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಹೆಂಡತಿ ಕಾಫಿ ತಂದು ಪ್ಲಾಸ್ಟರಿನ ಕಂಬದ ಮೇಲಿಟ್ಟಳು. ಮನೆಯಲ್ಲಿ ಜಾಗವಿಲ್ಲದೆ ಕಂಬ ಈಗ ಟೀಪಾಯಿಯ ಕೆಲಸ ಮಾಡುತ್ತಿತ್ತು, ದೀಪದ ಸ್ಟ್ಯಾಂಡಿನ ಮೇಲೆ ಅವಳು ಒದ್ದೆ ಬಟ್ಟೆ ಹರವುತ್ತಿದ್ದಳು. ಬಗ್ಗಿ ಫೋನು ನೋಡಿದವಳು, ಇದು ಅಕ್ಕನಿಗೆ ಕೊಡ್ತೀನಿ ಅಂದ ಮೇಜಲ್ಲವಾ ಎಂದು ಕೇಳಿದಳು. ಸೈಟಿನಲ್ಲಿ ಏನೋ ತಪ್ಪಾಗಿದೆ ಎಂದ. “ಸೈಟು ಪಾಪ,” ಎಂದು ಅವಳು ಬಟ್ಟೆ ಮಡಿಸಲು ಹೋದಳು. ಅವಳ ಬೆನ್ನನ್ನು ನೋಡುತ್ತ ಅವನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಎದ್ದು ಕಿಟಕಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಸೈಟಿನ ನಿಯಮಗಳನ್ನು ಮತ್ತೆ ಓದಿದ. ಒಂದು ಬಿಡ್ ಬಿದ್ದ ಮೇಲೆ ಬರೆದ ವಿವರವನ್ನು ತಿದ್ದುವಂತಿಲ್ಲ, ಒಂದು ಅಕ್ಷರವನ್ನೂ ಅಳಿಸುವಂತಿಲ್ಲ. ಕೆಳಗೆ ಸೇರಿಸಬಹುದು ಅಷ್ಟೇ, ಸೇರಿಸಿದ್ದು ತಾರೀಖು ಮತ್ತು ಗಂಟೆಯ ಸಮೇತ ಕಾಣುತ್ತದೆ. ಅದರ ಬದಲು ಹರಾಜನ್ನೇ ನಿಲ್ಲಿಸಿಬಿಡಬಹುದು. ಅದಕ್ಕೆ ಕಾರಣಗಳ ಪಟ್ಟಿಯನ್ನು ಅವರೇ ಕೊಟ್ಟಿದ್ದರು: ವಸ್ತು ಒಡೆದಿದೆ, ವಸ್ತು ಕಳೆದಿದೆ, ತಪ್ಪಾಗಿ ಹಾಕಲಾಗಿದೆ. ಮೂರನೆಯದರ ಮೇಲೆ ಬೆರಳಿಟ್ಟು, ಒತ್ತದೆ, ಅಕ್ಕನಿಗೆ ಫೋನು ಮಾಡಿದ. ಹೇಳಿ ನಿಲ್ಲಿಸಿದರೆ ತನ್ನ ಒಳ್ಳೆಯತನ ಅವಳಿಗೆ ತಿಳಿಯುತ್ತದೆ ಎಂಬುದೂ ಅವನ ತಲೆಯಲ್ಲಿ ಇಲ್ಲದಿರಲಿಲ್ಲ.

ಅವಳು ಪಾತ್ರೆ ತೊಳೆಯುತ್ತಿದ್ದಳೆಂದು ಕಾಣುತ್ತದೆ, ನಲ್ಲಿಯ ಸದ್ದು ಕೇಳುತ್ತಿತ್ತು. ಅವನು ಸೈಟಿನ ತಪ್ಪಿನ ಕಥೆಯನ್ನು ಅರ್ಧ ಹೇಳುವಷ್ಟರಲ್ಲಿ ನಲ್ಲಿ ನಿಂತಿತು.

“ತಪ್ಪೇನಿಲ್ಲ ಬಿಡು. ಚೆನ್ನಾಗಿ ಬರೆದಿದ್ದೀಯ.”

“ಈಗಲೇ ಹರಾಜು ನಿಲ್ಲಿಸ್ತೀನಿ ಅಕ್ಕ. ನಿನ್ನ ಮೇಜಿಗೆ ನೀನು ಯಾಕೆ ಬಿಡ್ ಹಾಕಬೇಕು?”

“ನಂದು ಅಂತ ಅಲ್ಲಿ ಎಲ್ಲೂ ಬರೆದಿಲ್ಲವಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಬೆಲೆ ಕೇಳುವವಳ ಹಾಗೆ ಇತ್ತು. “ನೀನು ಕೊಟ್ಟೆ ಅಂತ ಆಗೋದು ಬೇಡ ಕಣೋ. ಎಲ್ಲರ ಹಾಗೆ ಹರಾಜಲ್ಲಿ ಕೂಗಿ ತಗೊಳ್ತೀನಿ. ಸಿಕ್ಕರೆ ಸಿಕ್ಕಿತು. ಮಧ್ಯದಲ್ಲಿ ನಿಲ್ಲಿಸಿದೆಯೋ, ಆ ಮೇಜನ್ನ ನಾನು ಮುಟ್ಟಲ್ಲ.”

ಆದರೆ ಆ ಹಳೇಗೂಡಿನವನು ಅವಳಿಗಿಂತ ಮೇಲೆ ಹೋಗಿದ್ದಾನಲ್ಲ ಎಂದು ಅವನು ನೆನಪಿಸಿದ. ಗೊತ್ತಿದೆ, ನನ್ನ ಕೈಲಾದಷ್ಟು ಹಾಕಿದ್ದೀನಿ, ಇನ್ನು ಏರಿಸಲ್ಲ ಎಂದಳು. ಫೋನು ಇಡುವ ಮೊದಲು, ಮರೆತದ್ದು ನೆನಪಾದವಳಂತೆ, “ನನ್ನ ಪ್ರಶ್ನೆಗೆ ಉತ್ತರ ಬರೀಲಿಲ್ಲ ನೀನು,” ಎಂದಳು.

ಮನೆಯಲ್ಲಿ ಕೂತಿರಲಾಗಲಿಲ್ಲ. ಕಳೆದ ವಾರ ಮಾರಾಟವಾದ ಒಂದೇ ಒಂದು ಲೆನ್ಸನ್ನು ಕಳಿಸುವುದಿತ್ತು, ಆ ನೆಪದಲ್ಲಿ ಕೊರಿಯರ್ ಆಫೀಸಿಗೆ ಹೋದ. ಸಾಲಿನಲ್ಲಿ ಆರು ಜನ. ಮುಂದೆ ನಿಂತಿದ್ದವಳ ಜಡೆಯ ತುದಿಯನ್ನು ನೋಡುತ್ತ ಅವನು ಮನಸ್ಸಿನಲ್ಲೇ ಉತ್ತರ ಬರೆಯತೊಡಗಿದ. ‘ಹೌದು, ಅದೇ ಮೇಜು. ಬೆಳಕಿನ ದೋಷದಿಂದ ಗುರುತು ಕಾಣುತ್ತಿಲ್ಲ.’ ಛೆ. ಬೆಳಕಿನ ಮೇಲೆ ಎಷ್ಟನ್ನು ಹೊರಿಸುವುದು? ಆ ಪ್ರಶಸ್ತಿಯ ದಿನವೂ ಬೆಳಕಿನ ಮಾತನ್ನೇ ಆಡಿದ್ದ. ಪ್ರಶಸ್ತಿ ಬಂದ ಫೋಟೋ ಒಬ್ಬ ಮುದುಕಿಯ ಮುಖ, ಸುಕ್ಕುಗಳೆಲ್ಲ ಇದ್ದೂ ಒಂದೂ ಕುರೂಪವಾಗಿ ಕಾಣದ ಮುಖ. ಯಾವುದನ್ನು ಬಿಡಬೇಕು, ಯಾವುದನ್ನು ತುಂಬಬೇಕು ಎಂದು ಅಕ್ಕ ಹನ್ನೊಂದು ದಿನ ಆ ನೆಗೆಟಿವ್ ಮೇಲೆ ಕೂತಿದ್ದಳು. ತೀರ್ಪುಗಾರರು ಆ ಚರ್ಮದ ಕೆಲಸವನ್ನೇ ಹೊಗಳಿದರು. ಮೈಕು ಅವನ ಕೈಗೆ ಬಂದಾಗ ಅಕ್ಕ ಮೂರನೆಯ ಸಾಲಿನಲ್ಲಿ ಅವನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಹೆಸರು ನಾಲಗೆಯ ತುದಿಗೆ ಬಂದಿತ್ತು, ಆಣೆ ಮಾಡಿ ಹೇಳಬಲ್ಲ. ಬಂದದ್ದು ಮಾತ್ರ, ಎಲ್ಲ ಬೆಳಕಿನ ಆಟ ಎಂಬ ಮಾತು. ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು, ಚೀಲ ಜಾರದ ಹಾಗೆ ಮೊಣಕೈಯಲ್ಲಿ ಅದುಮಿ ಹಿಡಿದುಕೊಂಡು.

“ನಿಮಗೇ ಹೇಳ್ತಿರೋದು,” ಎಂದ ಕೊರಿಯರಿನವನು. ಯಾವಾಗಲೋ ಅವನ ಸರದಿ ಬಂದಿತ್ತು. ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕುಣೀತಾ ಇದೆ, ಮತ್ತೆ ಕಟ್ಟಿಕೊಂಡು ಬನ್ನಿ ಎಂದ. ಇಲ್ಲೇ ಕಟ್ಟಿಕೊಡುತ್ತೇನೆ, ಒಂದು ಹಾಳೆ ಇದ್ದರೆ ಕೊಡಿ ಎಂದು ಅವನು ಹಲ್ಲು ಗಿಂಜಿದ. ಇದು ಪೇಪರ್ ಅಂಗಡಿಯಲ್ಲ ಎಂದು ಕೊರಿಯರಿನವನು ಪೊಟ್ಟಣವನ್ನು ಪಕ್ಕಕ್ಕೆ ತಳ್ಳಿ ಹಿಂದಿನವರನ್ನು ಕರೆದ. ಸಾಲಿನವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡು ತಿರುಗಿದರೆ ಯಾರೂ ನೋಡುತ್ತಿರಲಿಲ್ಲ, ಅದೂ ಒಂದು ಥರ ಅವಮಾನವೇ ಆಯಿತು. ರಸ್ತೆಗೆ ಬಂದು, ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು, ಬಿಸಿಲಿನಲ್ಲಿ ಸುಮ್ಮನೆ ಎರಡು ಬೀದಿ ನಡೆದ. ಸೋಮವಾರ ಆ ಹಳೇಗೂಡಿನವನು ಸೈಟಿನಲ್ಲಿ ಕೇಳಿದ್ದ: ‘ಪ್ರಶಸ್ತಿ ಬಂದವರೇ ಸ್ವತಃ ಇಲ್ಲಿ ಕೂತು ಕೆಲಸ ಮಾಡುತ್ತಿದ್ದರೇ? ಹಾಗಿದ್ದರೆ ಅಂಗಡಿಯಲ್ಲಿ ಒಂದು ಕಾರ್ಡು ಬರೆದು ಹಾಕುತ್ತೇನೆ.’ ಅದಕ್ಕೆ ‘ಹೌದು’ ಎಂದು ಬರೆಯಲು ಅವನು ಅರ್ಧ ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ. ಈಗ ನಿಜ ಬರೆದರೆ ಆ ಮನುಷ್ಯ ಹಿಂದೆ ಸರಿಯಬಹುದು, ಮೇಜು ಅಕ್ಕನಿಗೆ ಸಿಗಬಹುದು. ಈ ಯೋಚನೆ ಬಂದದ್ದೇ ಅವನಿಗೆ ಕಸಿವಿಸಿಯಾಯಿತು. ನಿಜವನ್ನು ನಿಜ ಎಂದು ಬರೆಯುತ್ತೇನೋ, ಇದೂ ಒಂದು ಉಪಾಯವೋ? ಉಪಾಯವಾದರೂ ಆಗಲಿ, ಬರಿ ಎಂದು ಒಂದು ಮನಸ್ಸು ಹೇಳಿತು. ಬರೆದರೆ ಅದು ತಾರೀಖಿನ ಸಮೇತ ಅಲ್ಲೇ ಇರುತ್ತದೆ, ಹಳೆಯ ಗಿರಾಕಿಗಳು ಓದುತ್ತಾರೆ, ಗೋಡೆಯ ಮೇಲೆ ತೂಗುಹಾಕಿದ ಆ ಪ್ರಶಸ್ತಿಯ ಫ್ರೇಮನ್ನು ಏನು ಮಾಡುತ್ತೀಯ ಎಂದು ಇನ್ನೊಂದು. ಕೈಗಡಿಯಾರ ನೋಡಿದ. ಎರಡು ದಾಟಿತ್ತು.

ಮನೆಗೆ ಬಂದು, ಊಟ ಬೇಡವೆಂದು, ಟಚಿಂಗ್ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಅದರ ಮುಂದೆ ತಾನು ಇದುವರೆಗೆ ಕೂತೇ ಇಲ್ಲ ಎಂಬುದು ಕೂತ ಮೇಲೆ ಹೊಳೆಯಿತು. ಹಲಗೆ ಅವನಿಗೆ ತಗ್ಗಾಗಿತ್ತು, ಮಂಡಿ ತಾಗುತ್ತಿತ್ತು. ಬಲಗೈಯನ್ನು ಅಂಚಿನ ಗುರುತಿನ ಮೇಲಿಡಲು ನೋಡಿದ. ಅವನ ಮೊಣಕೈ ಅಲ್ಲಿ ಕೂರಲಿಲ್ಲ, ಜಾರಿ ಆಚೆ ಹೋಯಿತು. ‘ವಿವರಕ್ಕೆ ಸೇರಿಸಿ’ ಎಂಬುದನ್ನು ಒತ್ತಿದ. ‘ಈ ಮೇಜಿನಲ್ಲಿ ನಮ್ಮ ಸಹಾಯಕಿಯೂ ಕೆಲಸ ಮಾಡಿದ್ದಾರೆ’ ಎಂದು ಬರೆದು ಅಳಿಸಿದ. ‘ನಮ್ಮ ಕುಟುಂಬದ ಸದಸ್ಯರೊಬ್ಬರು’ ಎಂದು ಬರೆದು ಅಳಿಸಿದ. ‘ನಾನು ಮತ್ತು ನನ್ನ ಅಕ್ಕ’ ಎಂದು ಬರೆದು, ಆ ‘ನಾನು ಮತ್ತು’ವನ್ನು ಬಹಳ ಹೊತ್ತು ನೋಡಿದ. ಪಕ್ಕದ ಕೋಣೆಯಿಂದ ಹೆಂಡತಿ, ಇನ್ನೂ ಜ್ವರ ಇಳಿದಿಲ್ಲವಾ ಎಂದು ಕೇಳಿದಳು. ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ಹೀಗೆ ಬರೆದ: ‘ಮೇಲೆ ಬರೆದದ್ದು ಸುಳ್ಳು. ಈ ಮೇಜಿನಲ್ಲಿ ಮೂವತ್ತು ವರ್ಷ ಕೂತು ಮುಖಗಳನ್ನು ತಿದ್ದಿದವಳು ನನ್ನ ಅಕ್ಕ. ನಾನು ಕೂತಿಲ್ಲ. ಪ್ರಶಸ್ತಿ ಬಂದ ಫೋಟೋದ ಕೆಲಸವೂ ಅವಳದೇ. ಬಲಗಡೆ ಅಂಚಿನಲ್ಲಿ ಅವಳ ಮೊಣಕೈ ಗುರುತಿದೆ, ಫೋಟೋದಲ್ಲಿ ನಾನು ಅಳಿಸಿದ್ದೆ.’ ಗುರುತಿನ ಒಂದು ಹೊಸ ಫೋಟೋ ತೆಗೆದು ಕೆಳಗೆ ಸೇರಿಸಿದ. ಒತ್ತಿದ ಮೇಲೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದ. ಹಗುರವಾಗುತ್ತದೆ ಎಂದುಕೊಂಡಿದ್ದ, ಹೊಟ್ಟೆ ಭಾರವಾಯಿತು ಅಷ್ಟೇ.

ಹಳೇಗೂಡಿನ ಉತ್ತರ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅದೂ ಎಲ್ಲರೂ ಓದುವ ಜಾಗದಲ್ಲೇ. ‘ಪ್ರಶಸ್ತಿ ಬಂದವರದ್ದು ಎಂದು ಬಿಡ್ ಹಾಕಿದ್ದೆ. ಯಾರೋ ಮನೆಯವರು ಕೂತ ಮೇಜಾದರೆ ನಮಗೆ ಬೇಡ, ಅಂಥವು ಎಲ್ಲ ಕಡೆ ಸಿಗುತ್ತವೆ. ನನ್ನ ಬಿಡ್ ವಾಪಸು ತೆಗೆಯುತ್ತಿದ್ದೇನೆ.’ ಅವನು ಅದನ್ನು ಎರಡು ಸಲ ಓದಿದ. ಇದನ್ನೇ ಅಲ್ಲವೇ ಬಯಸಿದ್ದು? ಬಯಸಿದ್ದು ಹೌದು, ಆದರೆ ಅಕ್ಕನೂ ಇದನ್ನು ಓದುತ್ತಾಳೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳ ಹೆಸರಿಲ್ಲದಾಗ ಬೇಕಾಗಿದ್ದ ಮೇಜು ಅವಳದೆಂದು ತಿಳಿದ ಕೂಡಲೇ ಬೇಡವಾಯಿತು, ಅದನ್ನು ಊರಿಗೆಲ್ಲ ಕಾಣುವ ಹಾಗೆ ಮಾಡಿದವನು ತಾನೇ. ಉತ್ತರವಾಗಿ ಏನಾದರೂ ಬರೆಯಬೇಕು, ಅಂಥವು ಎಲ್ಲ ಕಡೆ ಸಿಗುವುದಿಲ್ಲ ಎಂದು ಬರೆಯಬೇಕು ಎಂದು ಫೋನು ಎತ್ತಿಕೊಂಡು ಕೂತ. ಕೈ ಓಡಲಿಲ್ಲ. ಕಂಬಕ್ಕೂ ಛತ್ರಿಗೂ ಕಥೆ ಕಟ್ಟಿದ ಕೈ. ನಾಲ್ಕು ಹೊಡೆದು, ಹದಿಮೂರು ಸಾಮಾನುಗಳು ಮತ್ತೆ ಮಾರಾಟವಾಗದ ಪಟ್ಟಿಗೆ ಬಂದು ಬಿದ್ದವು. ಮೇಜಿನ ಪಕ್ಕದಲ್ಲಿ ಮಾತ್ರ ‘ಮಾರಾಟವಾಗಿದೆ’ ಎಂದು ಬಂತು. ಉಳಿದದ್ದು ಒಂದೇ ಬಿಡ್, ಪೈಪೋಟಿಯಿಲ್ಲದ್ದರಿಂದ ಶುರುವಿನ ಬೆಲೆಗೇ.

ಐದೂವರೆಗೆ ಅಕ್ಕ ಒಂದು ಸಣ್ಣ ಟೆಂಪೊ ತೆಗೆದುಕೊಂಡು ಬಂದಳು. ಕನ್ನಡಕ ದಪ್ಪವಾಗಿತ್ತು, ಹೋದ ತಿಂಗಳು ಅವನು ಅದನ್ನು ಗಮನಿಸಿರಲಿಲ್ಲ. ಹೆಂಡತಿ ಕಾಫಿ ಕುಡಿದು ಹೋಗಿ ಎಂದು ಬಲವಂತ ಮಾಡಿದಳು, ಇನ್ನೊಂದು ಸಲ ಬರ್ತೀನಿ ಕಣೇ, ಟೆಂಪೊದವನು ಕಾಯ್ತಿದ್ದಾನೆ ಎಂದು ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ತಂದಿದ್ದ ದುಡ್ಡಿನ ಲಕೋಟೆಯನ್ನು ಅವನ ಕೈಗೆ ಕೊಡದೆ ಕಂಬದ ಮೇಲಿಟ್ಟಳು. ಅವನೂ ಟೆಂಪೊದವನೂ ಮೇಜನ್ನು ಎತ್ತಿಕೊಂಡು ಹೊರಟಾಗ ಗಾಜು ಹುಷಾರು ಎಂದು ಎರಡು ಸಲ ಹೇಳಿದಳು. ಗಾಡಿಯಲ್ಲಿ ಹಳೆಯ ಕಂಬಳಿ ಹಾಸಿದ್ದಳು. ಮೇಜು ಕೂತ ಮೇಲೆ ಹಗ್ಗ ಬಿಗಿಯುವ ಮುಂಚೆ ಅವಳು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ತರಕಾರಿ ಕೊಳ್ಳುವಾಗ ನೋಡುತ್ತಾರಲ್ಲ ಹಾಗೆ.

“ಆ ಮನುಷ್ಯ ಬರೆದದ್ದು...” ಎಂದು ಅವನು ಶುರು ಮಾಡಿದ.

“ಓದಿದೆ.”

“ನನ್ನಿಂದ ಆಯಿತು ಅಕ್ಕ. ಅವತ್ತಿನ ಆ ಹೆಲ್ಪರ್ ಮಾತು ಕೂಡ...”

ಅಕ್ಕ ಅವನ ಮುಖವನ್ನು ನೋಡಿದಳು. ಹಿಂದೆ ಗಾಜಿನ ಮೇಲೆ ನೆಗೆಟಿವ್ ಇಟ್ಟು ಹೀಗೆಯೇ ನೋಡುತ್ತಿದ್ದಳು, ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಎಂದು. ಇನ್ನೇನೋ ಹೇಳುತ್ತಾಳೆ ಎಂದು ಅವನು ಕಾದ. “ಮೂವತ್ತಲ್ಲ, ಮೂವತ್ತೊಂದು ವರ್ಷ,” ಎಂದಳು. ಡ್ರೈವರಿನ ಪಕ್ಕದ ಸೀಟು ಹತ್ತಿ ಕೂತು, ಸೆರಗನ್ನು ಬಾಗಿಲಿಗೆ ಸಿಕ್ಕದ ಹಾಗೆ ಒಳಗೆಳೆದುಕೊಂಡಳು.

ಅವನು ಒಳಗೆ ಬಂದ. ಗೋಡೆಯ ಹತ್ತಿರ ಮೇಜಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು, ಸ್ವಲ್ಪ ಕಸ. ಹೆಂಡತಿ ಪೊರಕೆ ತಂದು, ಸದ್ಯ ಒಂದಾದರೂ ಹೋಯಿತಲ್ಲ ಎಂದು ಗುಡಿಸತೊಡಗಿದಳು. ಅವನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಲೆನ್ಸಿನ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದ, ಈ ಸಲ ಹಳೆಯ ಪತ್ರಿಕೆಗಳನ್ನು ತುರುಕಿ. ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಿದ್ದಾಗ ಫೋನು ಸದ್ದು ಮಾಡಿತು. ಕೊಂಡವರು ನಿಮ್ಮ ಬಗ್ಗೆ ಅಭಿಪ್ರಾಯ ಬರೆದಿದ್ದಾರೆ. ಇನ್ನೂ ಬೆಳಕಿತ್ತು, ಮೇಜು ಅವಳ ಕಿಟಕಿಯ ಹತ್ತಿರ ಆಗಲೇ ಕೂತಿರಬೇಕು. ಐದು ನಕ್ಷತ್ರಗಳಲ್ಲಿ ಮೂರು ತುಂಬಿದ್ದವು. ಕೆಳಗೆ, ಗುರುತಿಲ್ಲದವರ ಬಗ್ಗೆ ಬರೆಯುವ ಬಹುವಚನದಲ್ಲಿ, ಎರಡು ಸಾಲು: ‘ಮೇಜು ಸರಿಯಾಗಿದೆ. ವಿವರವನ್ನು ತಡವಾಗಿ ಸೇರಿಸಿದ್ದಾರೆ.’